ಗೋಡೆ ಸೇರಿಸಿ ಅಳೆದಿರಾ?

“ಅಂಕಲ್, ನಿಮ್ಮ ಕರಾರು 11 ತಿಂಗಳದ್ದು, 18 ವರ್ಷದ್ದಲ್ಲ.”

ಬುಧವಾರ ಸಂಜೆ ಭಾವನ ಪಾತ್ರೆ ಅಂಗಡಿಯಲ್ಲಿ ನಿಂತು ಮಾಲೀಕರ ಮಗ ಹೇಳಿದ ಮಾತು ಇದು. ದನಿ ಏರಿಸಲಿಲ್ಲ. ತರಿಸಿಕೊಟ್ಟ ಕಾಫಿಯನ್ನೂ ಪೂರ್ತಿ ಕುಡಿದ. ಜಗಳವಾಡಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ಅವನ ಮದುವೆಯ ಪಾತ್ರೆಗಳ ಮೇಲೆ ಹೆಸರು ಕೊರೆದುಕೊಟ್ಟವರು ಇದೇ ಭಾವ, ಕೂಲಿಯನ್ನೂ ತೆಗೆದುಕೊಂಡಿರಲಿಲ್ಲ. ಎರಡು ದಿನಕ್ಕೆ ಅಂಚೆಯಲ್ಲಿ ನೋಟಿಸು ಬಂತು: 15 ದಿನಗಳೊಳಗೆ ಮಳಿಗೆ ಖಾಲಿ ಮಾಡಬೇಕು.

ಹಳೆಯ ಮಾಲೀಕರು, ಅಂದರೆ ಅವನ ತಂದೆ, ಬದುಕಿದ್ದಷ್ಟು ಕಾಲ ಆ ಕರಾರನ್ನು ಯಾರೂ ಬಿಚ್ಚಿ ನೋಡಿರಲಿಲ್ಲ. 2007ರಲ್ಲಿ ಛಾಪಾ ಕಾಗದದ ಮೇಲೆ ಬರೆಸಿದ್ದೇ ಮೊದಲು, ಅದೇ ಕೊನೆ. ಆಮೇಲೆಲ್ಲ ತಿಂಗಳ 5ನೇ ತಾರೀಕು ಬಾಡಿಗೆ, ಯುಗಾದಿಗೆ ಒಂದಿಷ್ಟು ಏರಿಕೆ, ಗೀಟು ಪುಸ್ತಕದಲ್ಲೊಂದು ಸಹಿ.

ವಕೀಲರ ಬಳಿಗೆ ನಾನೂ ಹೋಗಿದ್ದೆ. ‘ಇಷ್ಟು ವರ್ಷ ಇದ್ದವರನ್ನು ಹಾಗೆಲ್ಲ ಎಬ್ಬಿಸಲಾಗದು’ ಎಂಬ ಅರಳಿಕಟ್ಟೆಯ ಕಾನೂನು ನನ್ನ ತಲೆಯಲ್ಲಿತ್ತು. ಅವರು ಅದನ್ನು ಕೇಳಿಸಿಕೊಳ್ಳಲೇ ಇಲ್ಲ. “ಅಂಗಡಿ ಎಷ್ಟು ಅಡಿ?” ಎಂದರು. 1999ರ ಕರ್ನಾಟಕ ಬಾಡಿಗೆ ಕಾಯಿದೆ ವ್ಯಾಪಾರದ ಜಾಗಗಳ ಪೈಕಿ 14 ಚದರ ಮೀಟರ್ ಮೀರದ ಪುಟ್ಟ ಮಳಿಗೆಗಳನ್ನು ಮಾತ್ರ ಕಾಯುತ್ತದಂತೆ. ಆ ರಾತ್ರಿ ಷಟರ್ ಎಳೆದು, ಕೊಡಪಾನಗಳನ್ನು ಪಕ್ಕಕ್ಕೆ ಸರಿಸಿ, ಟೇಪು ಹಿಡಿದೆವು. 10 ಅಡಿ ಅಗಲ, ಹದಿನಾಲ್ಕೂವರೆ ಅಡಿ ಉದ್ದ. ಲೆಕ್ಕ ಹಾಕಿದರೆ ಹದಿಮೂರೂವರೆ ಚದರ ಮೀಟರಿನ ಹತ್ತಿರ! ಅಕ್ಕ ತುಪ್ಪದ ದೀಪ ಹಚ್ಚಿದಳು.

ಬೆಳಿಗ್ಗೆ ವಕೀಲರು ಕೇಳಿದ್ದು ಒಂದೇ ಪ್ರಶ್ನೆ. “ಗೋಡೆ ಸೇರಿಸಿ ಅಳೆದಿರಾ?”

ಕಾಯಿದೆ ಹೇಳುವುದು ತಳಪಾಯದ ವಿಸ್ತೀರ್ಣ, ಅಂದರೆ ಗೋಡೆಯ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ಅದು ಹೋಗಲಿ, ಬಾಡಿಗೆ ತಿಂಗಳಿಗೆ 3,500 ರೂಪಾಯಿ ದಾಟಿದರೂ ಆ ಕಾಯಿದೆಯ ನೆರಳು ಸಿಗುವುದಿಲ್ಲ. ಭಾವ ಮೊದಲ ತಿಂಗಳೇ 6,000 ಕೊಟ್ಟಿದ್ದರು.

ಉಳಿದದ್ದು 1882ರ ಸ್ವತ್ತು ವರ್ಗಾವಣೆ ಕಾಯಿದೆ. ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಆ ಓಡಾಟ, ಹೆಚ್ಚಿನ ಮುದ್ರಾಂಕ ಶುಲ್ಕ ಎರಡನ್ನೂ ತಪ್ಪಿಸಲು ಊರೆಲ್ಲ ಹಿಡಿದಿರುವ ದಾರಿ ಈ 11 ತಿಂಗಳು. ಅವಧಿ ಮುಗಿದ ಮೇಲೂ ಇವರು ಬಾಡಿಗೆ ಕೊಡುತ್ತಾ, ಅವರು ತೆಗೆದುಕೊಳ್ಳುತ್ತಾ ಹೋದರೆ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ. 15 ದಿನದ ನೋಟಿಸು ಸಾಕು. ಅಂದರೆ ನಮ್ಮ ಭಾವ 18 ವರ್ಷ ಪ್ರತಿ ತಿಂಗಳೂ ಹೊಸಬರಾಗಿಯೇ ಉಳಿದಿದ್ದರು.

ಶುಲ್ಕ ಉಳಿಯಿತೆಂದು ಅಂದು ಭಾವನೂ ಖುಷಿಪಟ್ಟಿದ್ದರು, ಸುಳ್ಳೇಕೆ ಹೇಳಲಿ. ಮಾಲೀಕರ ಭಯವೂ ನನಗೆ ಗೊತ್ತಿಲ್ಲದ್ದಲ್ಲ. ನಮ್ಮ ದೊಡ್ಡಪ್ಪನ ಮಳಿಗೆಯಲ್ಲಿ ಬಾಡಿಗೆದಾರನೊಬ್ಬ ಏಳು ವರ್ಷ ಕೋರ್ಟು ಅಲೆಸಿದ್ದ. ಆಗ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಬೈದವನು ನಾನೇ.

ನೋಟಿಸಿನ ಗಡುವು ಮುಗಿದರೂ ಅವರು ತಾವಾಗಿ ಬೀಗ ಜಡಿಯುವಂತಿಲ್ಲ, ದಾವೆ ಹೂಡಬೇಕು ಎಂದು ವಕೀಲರು ಸಮಾಧಾನ ಹೇಳಿದರು. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಭಾವ ಕಟ್ಟಿಸಿದ ಕಬ್ಬಿಣದ ಅಟ್ಟವನ್ನು ಸ್ವಾಧೀನ ಬಿಟ್ಟುಕೊಡುವ ಮೊದಲು ಬಿಚ್ಚಿಕೊಳ್ಳಬಹುದು, ಜಾಗ ಮೊದಲಿನಂತಿರಬೇಕು ಅಷ್ಟೇ. “ಅಟ್ಟ ಹೊತ್ತುಕೊಂಡು ಎಲ್ಲಿಗೆ ಹೋಗಲಿ?” ಎಂದರು ಭಾವ. ಅವರಿಗೆ ದಾವೆಯ ಮನಸ್ಸಿಲ್ಲ.

ನಿನ್ನೆ ಎರಡು ಬೀದಿ ಆಚೆ ಒಂದು ಮಳಿಗೆ ನೋಡಿಬಂದೆವು. ಮುಂಗಡ 10 ತಿಂಗಳದ್ದು. ಕರಾರು? ಮತ್ತೆ 11 ತಿಂಗಳು. ನಾನು ಐದು ವರ್ಷಕ್ಕೆ ನೋಂದಣಿ ಮಾಡಿಸೋಣ ಎಂದೆ. ಆ ಯಜಮಾನರು ನನ್ನನ್ನು ಬಿಟ್ಟು ಭಾವನತ್ತ ತಿರುಗಿ ನಕ್ಕರು. “ಅದೆಲ್ಲ ಯಾಕೆ ಸ್ವಾಮಿ, ನಂಬಿಕೆ ಮೇಲೆ ನಡೆಯೋಣ.”

ನಾನು ಬಾಯಿ ತೆರೆಯುವಷ್ಟರಲ್ಲಿ ಭಾವ ತಲೆಯಾಡಿಸಿಬಿಟ್ಟಿದ್ದರು.