ದಿಮ್ಮಿಯಿಂದ ಹಲಗೆ

ಪುಟ್ಟ ಮರದ ಮನೆಗೆ ಬೇಕಾದ ಹಲಗೆಗಳನ್ನೆಲ್ಲ ಚೈನ್‌ಸಾದಲ್ಲಿ ನಾನೇ ಕೊಯ್ಯುತ್ತಿದ್ದೇನೆ. ನಿಧಾನದ ಕೆಲಸ, ಸದ್ದೂ ಜಾಸ್ತಿ. ಆದರೆ ದಿಮ್ಮಿಯ ಮೇಲಿನ ಮೊದಲ ಸೀಳನ್ನು ಎತ್ತಿ ಪಕ್ಕಕ್ಕಿಟ್ಟಾಗ ಒಳಗಿನ ಎಳೆಗಳು ಹಸಿಹಸಿಯಾಗಿ ಹೊಳೆಯುತ್ತವಲ್ಲ, ಅದನ್ನು ನೋಡುವುದಕ್ಕೇ ಇಷ್ಟೆಲ್ಲ ಕಷ್ಟಪಡಬಹುದು.

ಎಲ್ಲ ನಿಂತಿರುವುದು ಆ ಮೊದಲ ಕೊಯ್ತದ ಮೇಲೆ. ದಿಮ್ಮಿ ಉರುಟು, ಹಲಗೆಯ ದಪ್ಪ ಒಂದೇ ಸಮ ಬರಲೆಂದು ಗರಗಸಕ್ಕೆ ಬಿಗಿಯುವ ಚೌಕಟ್ಟು ಕೂರಲು ಅಲ್ಲಿ ಸಮತಟ್ಟು ಜಾಗವೇ ಇರುವುದಿಲ್ಲ. ಹಾಗಾಗಿ ಮೇಲೆ ನೇರವಾದ ಏಣಿಯನ್ನೋ ದಪ್ಪ ಹಲಗೆಯನ್ನೋ ಬಿಗಿದು, ಅದರ ಮೇಲೆ ಚೌಕಟ್ಟನ್ನು ಜಾರಿಸಿಕೊಂಡು ಹೋಗಬೇಕು. ಇದು ಸೊಟ್ಟಗಾದರೆ ಕೆಳಗಿನವೂ ಸೊಟ್ಟ. ಚೈನ್ ಕೂಡ ಬೇರೆ. ಅಡ್ಡ ಕತ್ತರಿಸುವ ಚೈನ್‌ನ ಹಲ್ಲಿಗೆ ಸುಮಾರು 30 ಡಿಗ್ರಿ ಕೋನ ಇದ್ದರೆ, ಉದ್ದಕ್ಕೆ ಸೀಳುವುದಕ್ಕೆ 10 ಡಿಗ್ರಿಯಷ್ಟಿಟ್ಟು ಅರ ಹಾಕುತ್ತಾರೆ. ಮೈ ನುಣುಪಾಗಿ ಬರುತ್ತದೆ.

ಪ್ರತಿ ಕೊಯ್ತಕ್ಕೂ 8-10 ಮಿಲಿಮೀಟರ್ ಮರ ಹೊಟ್ಟಾಗಿ ಹೋಗುತ್ತದೆ, ಅದೊಂದು ಬೇಜಾರು. ತೊಲೆ, ದಪ್ಪ ಹಲಗೆಗಾದರೆ ಸರಿ, ತೆಳುವಿಗೆ ತೆಳು ಪಟ್ಟಿಯಂಥ ಬ್ಲೇಡಿರುವ ಬ್ಯಾಂಡ್‌ಸಾನೇ ವಾಸಿ.

ಕೊಯ್ದದ್ದನ್ನು ನಡುನಡುವೆ ಪಟ್ಟಿ ಇಟ್ಟು ಪೇರಿಸಿ, ತುದಿಗಳಿಗೆ ಬಣ್ಣ ಬಳಿದಿದ್ದೇನೆ. ತುದಿ ಬೇಗ ಆರಿದರೆ ಬಿರುಕು ಬಿಡುತ್ತದೆ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಒಣಗಬೇಕು ಅನ್ನುವುದು ಹಳೆಯ ಲೆಕ್ಕ, ಮರದ ಜಾತಿ, ಗಾಳಿ ನೋಡಿ ಹೆಚ್ಚುಕಡಿಮೆ ಆಗಬಹುದು. ಅಷ್ಟು ಕಾಯುವುದು ಕಷ್ಟ ಅಲ್ವಾ? ನನಗೀಗ ಹಾಗನಿಸುತ್ತಿಲ್ಲ. ಸಂಜೆ ಸುಮ್ನೆ ಹೋಗಿ ಪೇರಿಸಿದ್ದನ್ನು ನೋಡುತ್ತೇನೆ. ಕೊಂಡು ತಂದ ಹಲಗೆಯಲ್ಲಿ ಗಂಟು ಕಂಡರೆ ಮೊದಲೆಲ್ಲ ತೆಗೆದು ಬದಿಗಿಡುತ್ತಿದ್ದೆ. ಇವುಗಳಲ್ಲಿ ಯಾವ ಗಂಟು ಯಾವ ಕೊಂಬೆಯದು ಅಂತಲೂ ಗೊತ್ತು, ದೊಡ್ಡ ಗಂಟಿರುವ ಹಲಗೆಯನ್ನು ಬಾಗಿಲ ಪಕ್ಕದಲ್ಲೇ, ಎದುರಿಗೆ ಕಾಣುವ ಹಾಗೆ ಹೊಡೆಯಬೇಕು ಅಂತಿದ್ದೇನೆ.