ದಕ್ಷಿಣ ಸುಡಾನ್: ಎರಡೂವರೆ ವರ್ಷಕ್ಕೇ ಯುದ್ಧ ಯಾಕೆ?

ನಾನು ಆಫ್ರಿಕಾದ ರಾಜಕೀಯದ ಬಗ್ಗೆ ಬರೆಯುವುದು ಗೊತ್ತಿದ್ದವರು ಪದೇ ಪದೇ ಕೇಳುವುದು ಇದನ್ನೇ. "ದಕ್ಷಿಣ ಸುಡಾನ್‌ಗೆ ಸ್ವಾತಂತ್ರ್ಯ ಬಂದಿದ್ದು 2011ರ ಜುಲೈನಲ್ಲಿ. 2013ರ ಡಿಸೆಂಬರ್ ಹೊತ್ತಿಗೆ ಅವರವರೇ ಹೊಡೆದಾಡಿಕೊಂಡರಲ್ಲ, ಯಾಕೆ?" ಉತ್ತರವನ್ನೂ ಅವರೇ ಸೇರಿಸಿಬಿಡುತ್ತಾರೆ: "ಬುಡಕಟ್ಟು ದ್ವೇಷ ಅಲ್ವಾ?"

ಅಧ್ಯಕ್ಷ ಸಾಲ್ವಾ ಕೀರ್ ಡಿಂಕಾ ಬುಡಕಟ್ಟಿನವರು, ಉಪಾಧ್ಯಕ್ಷರಾಗಿದ್ದ ರಿಯೆಕ್ ಮಚಾರ್ ನುಯೆರ್ ಬುಡಕಟ್ಟಿನವರು. ನಿಜ. ಆದರೆ ಹೊಸ ದೇಶ ಬೇಕು ಅಂತ 2011ರ ಜನವರಿಯಲ್ಲಿ ಶೇ. 98ಕ್ಕೂ ಜಾಸ್ತಿ ಮತ ಬಿತ್ತು. ಡಿಂಕಾ, ನುಯೆರ್ ಎರಡೂ ಕಡೆಯವರು ಅದರಲ್ಲಿದ್ದರು. ನನ್ನ ಪ್ರಕಾರ ಕಾರಣ ಹುಡುಕಬೇಕಾದ್ದು ಸೈನ್ಯದಲ್ಲಿ.

ಆಗ ಇಡೀ ಸುಡಾನ್ ಆಳುತ್ತಿದ್ದ ಖಾರ್ಟೂಮ್ ಸರ್ಕಾರದ ವಿರುದ್ಧ ದಕ್ಷಿಣದ ಬಂಡುಕೋರ ಸೈನ್ಯ ಎಸ್‌ಪಿಎಲ್‌ಎ 1983ರಿಂದ 2005ರವರೆಗೆ ಹೋರಾಡಿತು. ಆದರೆ ದಕ್ಷಿಣದವರದೇ ಎಷ್ಟೋ ಪಡೆಗಳು ಖಾರ್ಟೂಮ್‌ನಿಂದ ಬಂದೂಕು ಪಡೆದು ಇದೇ ಎಸ್‌ಪಿಎಲ್‌ಎ ಮೇಲೆ ಗುಂಡು ಹಾರಿಸುತ್ತಿದ್ದವು. ಮಚಾರ್ ಕೂಡ 1991ರಲ್ಲಿ ನಾಯಕ ಜಾನ್ ಗರಾಂಗ್ ವಿರುದ್ಧ ತಿರುಗಿಬಿದ್ದರು. ಅದೇ ವರ್ಷ ಮಚಾರ್ ಕಡೆಯವರು ಬೋರ್ ಪಟ್ಟಣದಲ್ಲಿ ಡಿಂಕಾ ಜನರ ಹತ್ಯಾಕಾಂಡ ನಡೆಸಿದರು. 1997ರಲ್ಲಿ ಮಚಾರ್ ಖಾರ್ಟೂಮ್ ಜೊತೆಯೇ ಒಪ್ಪಂದ ಮಾಡಿಕೊಂಡರು, 2002ರಲ್ಲಿ ಮತ್ತೆ ಎಸ್‌ಪಿಎಲ್‌ಎಗೆ ಬಂದರು.

2005ರಲ್ಲಿ ಗರಾಂಗ್ ಹೆಲಿಕಾಪ್ಟರ್ ಅಪಘಾತದಲ್ಲಿ ಸತ್ತರು. ಅವರ ಜಾಗಕ್ಕೆ ಬಂದ ಕೀರ್, ಮರುವರ್ಷ ದಕ್ಷಿಣದ ರಾಜಧಾನಿ ಜೂಬಾದಲ್ಲಿ ಒಪ್ಪಂದ ಮಾಡಿಕೊಂಡು ವಿರೋಧಿ ಪಡೆಗಳನ್ನು ಸೈನ್ಯಕ್ಕೇ ಸೇರಿಸಿಕೊಂಡರು. ಆ ಹೋರಾಟಗಾರರಲ್ಲಿ ನುಯೆರ್ ಜನರೇ ಹೆಚ್ಚು. ಎಲ್ಲರಿಗೂ ಸಂಬಳ, ದಂಡನಾಯಕರಿಗೆ ದೊಡ್ಡ ಹುದ್ದೆ. ಜಾಣತನವೇ ಅನ್ನಿ, ಆಗ ಯುದ್ಧ ತಪ್ಪಿತು. ಆದರೆ ಸೈನಿಕರ ನಿಷ್ಠೆ ತಮ್ಮ ತಮ್ಮ ಹಳೇ ನಾಯಕರಿಗೇ ಉಳಿಯಿತು. ಸೈನ್ಯ ಅನ್ನುವುದು ಒಂದು ಕೌದಿ, ಅದರ ಹೊಲಿಗೆ ಕಚ್ಚಾ ಎಣ್ಣೆ ಮಾರಿದ ದುಡ್ಡು.

ಆ ದುಡ್ಡು ನಿಂತಿದ್ದು 2012ರ ಜನವರಿಯಲ್ಲಿ. ಆಗ ಸರ್ಕಾರದ ಆದಾಯದಲ್ಲಿ ಸುಮಾರು ಶೇ. 98 ಎಣ್ಣೆಯದು, ಅದು ಸಮುದ್ರ ಸೇರಬೇಕಾದರೆ ಸುಡಾನ್‌ನ ಪೈಪ್‌ಲೈನ್ ಬೇಕು. ಅದರ ಶುಲ್ಕದ ಜಗಳದಲ್ಲಿ ಜೂಬಾ ಉತ್ಪಾದನೆಯನ್ನೇ ನಿಲ್ಲಿಸಿಬಿಟ್ಟಿತು. ಒಂದು ವರ್ಷಕ್ಕೂ ಜಾಸ್ತಿ! ತಮ್ಮ ಬೊಕ್ಕಸಕ್ಕೆ ತಾವೇ ಬೀಗ ಹಾಕಿಕೊಂಡ ಸರ್ಕಾರವನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ಅದೇ ವರ್ಷ ಕೀರ್, ಕಾಣೆಯಾದ 400 ಕೋಟಿ ಡಾಲರ್ ವಾಪಸ್ ಕೊಡಿ ಅಂತ ಹಾಲಿ, ಮಾಜಿ ಅಧಿಕಾರಿಗಳಿಗೆ ಪತ್ರ ಬರೆದರು.

ಇದರ ಮೇಲೆ ಕುರ್ಚಿ ಜಗಳ. 2015ಕ್ಕೆ ಚುನಾವಣೆ ಇತ್ತು, ಆಳುವ ಪಕ್ಷದ ಅಧ್ಯಕ್ಷತೆಗೆ ನಾನೂ ಇದ್ದೇನೆ ಅಂದರು ಮಚಾರ್. 2013ರ ಜುಲೈನಲ್ಲಿ ಕೀರ್, ಮಚಾರ್‌ರನ್ನೂ ಇಡೀ ಸಂಪುಟವನ್ನೂ ವಜಾ ಮಾಡಿದರು. ಡಿಸೆಂಬರ್ 15ರ ರಾತ್ರಿ ಅಧ್ಯಕ್ಷರ ಅಂಗರಕ್ಷಕ ಪಡೆಯೊಳಗೇ ಗುಂಡು ಹಾರಿತು. ಮುಂದಿನ ದಿನಗಳಲ್ಲಿ ಜೂಬಾದಲ್ಲಿ ಕೀರ್ ಕಡೆಯ ಸೈನಿಕರು ನುಯೆರ್ ನಾಗರಿಕರನ್ನು ಹುಡುಕಿ ಹುಡುಕಿ ಕೊಂದರು. ಬೋರ್‌ನಲ್ಲಿ ಸೇನಾ ಡಿವಿಷನ್ ಮುಖ್ಯಸ್ಥ ಪೀಟರ್ ಗಾಡೆಟ್ ದಂಗೆ ಎದ್ದ. ಹಿಂದೆ ಎಷ್ಟೋ ಸಲ ಕಡೆ ಬದಲಿಸಿದ್ದ ಆಸಾಮಿ ಅವನು. 1991ರ ನೆನಪಿದ್ದ ಡಿಂಕಾ ಜನ ಹೆದರಿ ನೈಲ್ ದಾಟಿ ಓಡಿದರು. ಬುಡಕಟ್ಟು ದ್ವೇಷ ಅನ್ನುವುದು ಇಲ್ಲಿಂದಾಚೆಗೆ ನಿಜವಾಗುತ್ತದೆ. ಸೈನ್ಯ ಒಡೆದದ್ದು ಆ ಗೆರೆಯಲ್ಲೇ, ಆದರೆ ಒಡೆಯಲು ಕಾರಣ ದುಡ್ಡು, ಕುರ್ಚಿ.

2015ರ ಶಾಂತಿ ಒಪ್ಪಂದವೂ ಹುದ್ದೆ ಹಂಚುವ ಲೆಕ್ಕವೇ. 2016ರ ಜುಲೈನಲ್ಲಿ ಜೂಬಾದಲ್ಲೇ ಅದು ಮುರಿದುಬಿತ್ತು. 2018ರ ಒಪ್ಪಂದದಲ್ಲಿ ಉಪಾಧ್ಯಕ್ಷರು ಒಬ್ಬರಲ್ಲ, ಐವರು. ಅವರಲ್ಲಿ ಮೊದಲನೆಯವರಾದ ಮಚಾರ್ ಅವರನ್ನು 2025ರ ಮಾರ್ಚ್‌ನಲ್ಲಿ ಗೃಹಬಂಧನದಲ್ಲಿಟ್ಟರು.