ಸಾಗರದಿಂದ ಎಸ್.ಪಿ. ರಸ್ತೆಗೆ: ಒಂದು ಪವರ್ ಆಂಪ್ಲಿಫೈಯರ್‌ಗಾಗಿ ಎರಡು ರಾತ್ರಿಯ ಪ್ರಯಾಣ

ಮಹಡಿಯ ಮೇಲಿನ ಕೋಣೆಗೆ ಹೊಸ ಸ್ಪೀಕರ್‌ಗಳು ಬಂದು ಮೂರು ವಾರವಾಗಿತ್ತು. ಒಂದು ರಾತ್ರಿ ಸಿನಿಮಾದ ಗದ್ದಲದ ದೃಶ್ಯವೊಂದರ ನಡುವೆ ರಿಸೀವರ್ (ಸಿನಿಮಾದ ಸದ್ದನ್ನು ಬೇರ್ಪಡಿಸಿ ಸ್ಪೀಕರ್‌ಗಳನ್ನು ನಡೆಸುವ ಪೆಟ್ಟಿಗೆ) 'ಟಕ್' ಎಂದು ಸದ್ದು ಮಾಡಿ ತಾನೇ ಆರಿಹೋಯಿತು. ಐದು ನಿಮಿಷ ಬಿಟ್ಟು ಮತ್ತೆ ಹಾಕಿದಾಗ ಏನೂ ಆಗದಂತೆ ನಡೆಯಿತು. ಅದೇ ದೃಶ್ಯಕ್ಕೆ ಮತ್ತೆ ಆರಿತು. ತಂತಿಗಳು ಎಲ್ಲಿಯೂ ಒಂದಕ್ಕೊಂದು ತಾಗಿರಲಿಲ್ಲ. ಹಳೆಯ ಸ್ಪೀಕರ್‌ಗಳನ್ನು ಆರು ವರ್ಷ ನಿರಾಯಾಸವಾಗಿ ನಡೆಸಿದ ರಿಸೀವರ್ ಹೊಸವನ್ನು ಹೊರಲಾರದೆ ತನ್ನ ರಕ್ಷಣೆಗಾಗಿ ಬಾಗಿಲು ಹಾಕಿಕೊಳ್ಳುತ್ತಿದೆ ಎಂಬುದು ಲೆಕ್ಕ ಹಾಕಿದ ಮೇಲೆ ತಿಳಿಯಿತು. ಸ್ಪೀಕರ್‌ಗಳಿಗೆ ಶಕ್ತಿ ತುಂಬುವುದಷ್ಟನ್ನೇ ಮಾಡುವ ಪವರ್ ಆಂಪ್ಲಿಫೈಯರ್ ಬೇಕಿತ್ತು. ಅವನ್ನು ಕೇಳಿ ನೋಡಿ ಕೊಳ್ಳುವ ಅನುಕೂಲ ನಮ್ಮೂರು ಸಾಗರದಲ್ಲಿಲ್ಲದ ಕಾರಣ ಬೆಂಗಳೂರಿಗೆ ಹೋಗಿ ಬಂದೆ. ಇದೇ ಕೆಲಸಕ್ಕೆ ಮಲೆನಾಡಿನ ಯಾವ ಊರಿನಿಂದಲಾದರೂ ಹೊರಡುವವರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಟಿಕೆಟ್ ಕಾಯ್ದಿರಿಸುವ ಮೊದಲು ಮನೆಯಲ್ಲೇ ಮುಗಿಸಬೇಕಾದ ಕೆಲಸ ಸಾಕಷ್ಟಿದೆ. ಮೊದಲನೆಯದಾಗಿ, ನಿಮ್ಮ ರಿಸೀವರ್‌ನ ಹಿಂಬದಿಗೆ ಟಾರ್ಚ್ ಹಿಡಿದು ನೋಡಿ. ಮುಂದಿನ ಎಡ, ನಡು ಮತ್ತು ಬಲ ಚಾನೆಲ್‌ಗಳಿಗೆ ಪ್ರಿ-ಔಟ್ ತೂತುಗಳು, ಅಂದರೆ ಬೇರೆ ಆಂಪ್‌ಗೆ ಸದ್ದಿನ ಸಂಕೇತ ಕೊಡುವ ಜಾಗಗಳು, ಇವೆಯೇ ಎಂಬುದು ಮುಖ್ಯ. ಕಡಿಮೆ ಬೆಲೆಯ ಅನೇಕ ರಿಸೀವರ್‌ಗಳಲ್ಲಿ ತಗ್ಗು ಸದ್ದಿನ ಸ್ಪೀಕರ್ ಆದ ಸಬ್‌ವೂಫರ್‌ಗೆ ಮಾತ್ರ ಅದು ಇರುತ್ತದೆ. ಇಲ್ಲದಿದ್ದರೆ ನೀವು ಕೊಳ್ಳಬೇಕಾದದ್ದು ಪವರ್ ಆಂಪ್ ಅಲ್ಲ, ಬೇರೆ ರಿಸೀವರ್. ಪ್ರಯಾಣದ ಉದ್ದೇಶವೇ ಬದಲಾಗುತ್ತದೆ. ಅದೃಷ್ಟಕ್ಕೆ ನನ್ನದರಲ್ಲಿ ಇತ್ತು.

ಎರಡನೆಯದು ಸ್ಪೀಕರ್‌ನ ಲೆಕ್ಕ, ಮತ್ತು ನಾನು ಎಡವಿದ್ದು ಇಲ್ಲೇ. ನನ್ನ ಸ್ಪೀಕರ್‌ಗಳ ಸೆನ್ಸಿಟಿವಿಟಿ (ಇಂತಿಷ್ಟು ವಿದ್ಯುತ್ತಿಗೆ ಎಷ್ಟು ಸದ್ದು ಎಂಬ ಅಳತೆ) 87 ಡೆಸಿಬೆಲ್ ಎಂದು ಪೆಟ್ಟಿಗೆಯ ಮೇಲೆ ಬರೆದಿದೆ. ಆದರೆ ಅದರ ಪಕ್ಕದಲ್ಲಿ ಸಣ್ಣಕ್ಷರದಲ್ಲಿ '2.83 ವೋಲ್ಟ್, 1 ಮೀಟರ್' ಎಂದೂ ಇದೆ. ಓಮ್ ಎಂದರೆ ಸ್ಪೀಕರ್ ಒಡ್ಡುವ ತಡೆ, ಅದು ಕಡಿಮೆಯಾದಷ್ಟೂ ಹೆಚ್ಚು ಕರೆಂಟು ಹರಿಯುತ್ತದೆ. 8 ಓಮ್ ಸ್ಪೀಕರ್‌ಗೆ 2.83 ವೋಲ್ಟ್ ಕೊಟ್ಟರೆ ಅದು 1 ವ್ಯಾಟ್. ನನ್ನವು 4 ಓಮ್‌ನವು, ಅಂದರೆ ಅಷ್ಟೇ ವೋಲ್ಟಿಗೆ 2 ವ್ಯಾಟ್ ನುಂಗುತ್ತವೆ. ಹಾಗಾಗಿ ಒಂದು ವ್ಯಾಟಿನ ಲೆಕ್ಕದಲ್ಲಿ ಅವು 87ರವಲ್ಲ, 84ರವು. ನಾನು ಕೂರುವ ಸೋಫಾ ಸ್ಪೀಕರ್‌ಗಳಿಂದ 11 ಅಡಿ ದೂರದಲ್ಲಿದೆ. ಬಯಲಿನಲ್ಲಾದರೆ ಅಷ್ಟು ದೂರಕ್ಕೆ ಸುಮಾರು 10 ಡೆಸಿಬೆಲ್ ಕಳೆದುಹೋಗುತ್ತದೆ. ಕೋಣೆಯ ಗೋಡೆಗಳಿಂದ ಮರಳುವ ಸದ್ದಿನ ಪಾಲೆಂದು 3 ಡೆಸಿಬೆಲ್ ಸೇರಿಸಿಕೊಂಡೆ. ಅಲ್ಲಿಗೆ ಒಂದು ವ್ಯಾಟಿಗೆ ಸೋಫಾದಲ್ಲಿ 77 ಡೆಸಿಬೆಲ್ ಎಂದಾಯಿತು.

ಸಿನಿಮಾದ ಧ್ವನಿ ಮಿಶ್ರಣದಲ್ಲಿ ರೆಫರೆನ್ಸ್ ಮಟ್ಟ ಎಂದರೆ ಮುಖ್ಯ ಚಾನೆಲ್ ಒಂದೊಂದರಿಂದಲೂ 105 ಡೆಸಿಬೆಲ್ ತನಕ ಏರುವ ಶಿಖರಗಳು. ಮನೆಯಲ್ಲಿ ಅಷ್ಟು ಜೋರಾಗಿ ಯಾರೂ ಕೇಳುವುದಿಲ್ಲ. ನಾನು ಅದಕ್ಕಿಂತ 10 ಕಡಿಮೆ ಇಟ್ಟು ನೋಡುವವನು, ಅಂದರೆ ಶಿಖರ 95. 77ರಿಂದ 95ಕ್ಕೆ 18 ಡೆಸಿಬೆಲ್ ಏರಲು ಬೇಕಾದದ್ದು ಸುಮಾರು 63 ವ್ಯಾಟ್. ಶಕ್ತಿ ಎರಡು ಪಟ್ಟಾದರೆ 3 ಡೆಸಿಬೆಲ್, ಹತ್ತು ಪಟ್ಟಾದರೆ 10 ಡೆಸಿಬೆಲ್ ಎಂಬುದಿಷ್ಟು ನೆನಪಿದ್ದರೆ ಈ ಲೆಕ್ಕವನ್ನು ಬಸ್ ಟಿಕೆಟ್ಟಿನ ಹಿಂಬದಿಯಲ್ಲೇ ಹಾಕಬಹುದು. ಅದೇ ಸೂತ್ರದಿಂದ ಪೂರ್ತಿ ರೆಫರೆನ್ಸ್ ಮಟ್ಟಕ್ಕೆ 630 ವ್ಯಾಟ್ ಬೇಕಾಗುತ್ತದೆ. 100 ವ್ಯಾಟಿನಿಂದ 130 ವ್ಯಾಟಿಗೆ ಹೋಗಲು ಹೆಚ್ಚು ದುಡ್ಡು ಕೊಡುವವರು ಈ ಏಣಿ ಎಷ್ಟು ಕಡಿದಾಗಿದೆ ಎಂಬುದನ್ನು ಒಮ್ಮೆ ನೋಡಬೇಕು. ಅಲ್ಲಿ ದಕ್ಕುವುದು ಒಂದೇ ಒಂದು ಡೆಸಿಬೆಲ್ಲಿನಷ್ಟು.

ಹಾಗಾದರೆ 90 ವ್ಯಾಟಿನ ನನ್ನ ರಿಸೀವರ್ 63 ವ್ಯಾಟಿಗೆ ಏಕೆ ಸೋತಿತು? ಆ 90 ವ್ಯಾಟ್ ಎರಡೇ ಚಾನೆಲ್ ದುಡಿಯುವಾಗ, 8 ಓಮಿಗೆ ಬರೆದದ್ದು. ಅಷ್ಟಕ್ಕೆ ಅದು 27 ವೋಲ್ಟ್ ಮತ್ತು ಸುಮಾರು 3.4 ಆಂಪಿಯರ್ ಕೊಟ್ಟರೆ ಸಾಕು. 4 ಓಮಿಗೆ 63 ವ್ಯಾಟ್ ಬೇಕಾದರೆ ವೋಲ್ಟ್ 16 ಸಾಕು, ಆದರೆ ಆಂಪಿಯರ್ 4 ಬೇಕು. 4 ಓಮ್ ಎಂದು ಹೆಸರಿಟ್ಟ ಸ್ಪೀಕರ್‌ನ ತಡೆ (ಇಂಪೀಡೆನ್ಸ್) ಕೆಲವು ಆವರ್ತನಗಳಲ್ಲಿ 3.2 ಓಮ್ ತನಕ ಇಳಿಯಬಹುದು. ಹೆಸರಿಸಿದ ಅಂಕಿಯ ಶೇ. 80ರವರೆಗೆ ಇಳಿಯಲು ಅಂತರರಾಷ್ಟ್ರೀಯ ಐಇಸಿ ಮಾನದಂಡವೇ ಅವಕಾಶ ಕೊಟ್ಟಿದೆ. ಅಲ್ಲಿ ಅದೇ 16 ವೋಲ್ಟಿಗೆ 5 ಆಂಪಿಯರ್ ಆಗುತ್ತದೆ. ಇಂಥ ಮೂರು ಸ್ಪೀಕರ್‌ಗಳು ಒಟ್ಟಿಗೆ ಬಾಯಿ ತೆರೆದರೆ ಒಂದೇ ಟ್ರಾನ್ಸ್‌ಫಾರ್ಮರ್‌ನ ರಿಸೀವರ್ ಏನು ಮಾಡೀತು? ನನಗೆ ಬೇಕಾದದ್ದು ಹೆಚ್ಚು ವ್ಯಾಟ್ ಅಲ್ಲ, 4 ಓಮಿಗೆ ಅಂಜದ ಆಂಪ್ ಎಂಬುದು ಇಲ್ಲಿ ಸ್ಪಷ್ಟವಾಯಿತು. ಮುಂದಿನ ಮೂರಕ್ಕೆ ಮೂರು ಚಾನೆಲ್‌ನ ಪವರ್ ಆಂಪ್, ಹಿಂದಿನವಕ್ಕೆ ರಿಸೀವರ್ ಎಂದು ನಿರ್ಧರಿಸಿದೆ.

ಮೂರನೆಯದು ನಮ್ಮೂರಿನ ಕರೆಂಟು. ಒಂದು ವಾರ ಸಂಜೆ 7ಕ್ಕೂ ರಾತ್ರಿ 10ಕ್ಕೂ ಮಲ್ಟಿಮೀಟರ್ ಹಿಡಿದು ಕೋಣೆಯ ಸಾಕೆಟ್ ಅಳೆದು ಬರೆದಿಟ್ಟೆ. ಅತಿ ಕಡಿಮೆ ಬಂದದ್ದು 190 ವೋಲ್ಟ್. ಸಾಮಾನ್ಯ ಟ್ರಾನ್ಸ್‌ಫಾರ್ಮರ್ ಇರುವ ಆಂಪ್‌ನ ಗರಿಷ್ಠ ಶಕ್ತಿ ವೋಲ್ಟಿನ ವರ್ಗದಂತೆ ಇಳಿಯುವುದರಿಂದ 230ಕ್ಕೆ 100 ವ್ಯಾಟ್ ಕೊಡುವುದು 190ಕ್ಕೆ ಸುಮಾರು 68 ಕೊಡುತ್ತದೆ. ಬೆಂಗಳೂರಿನ ಶೋರೂಮಿನಲ್ಲಿ ಕೇಳಿದ ಆಂಪ್ ಸಾಗರದಲ್ಲಿ ಅದೇ ಆಂಪ್ ಆಗಿರುವುದಿಲ್ಲ.

ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು, ಮಲ್ಟಿಮೀಟರ್, ಅಳತೆ ಟೇಪು ಮತ್ತು ಒಂದು ಪೆನ್‌ಡ್ರೈವನ್ನು ಚೀಲಕ್ಕೆ ಹಾಕಿಕೊಂಡೆ. ಪೆನ್‌ಡ್ರೈವಿನಲ್ಲಿ ಇದ್ದವು ಮೂರೇ ವಸ್ತು: ನನಗೆ ಬಾಯಿಪಾಠವಾಗಿರುವ ಒಂದು ಹಾಡು, ರಿಸೀವರ್ ಆರಿಹೋದ ಆ ದೃಶ್ಯ, ಮತ್ತು 100 ಹರ್ಟ್ಸ್‌ನ ಒಂದೇ ಸಮನೆಯ ನಾದ.

ಪ್ರಯಾಣಕ್ಕೆ ತಾಳಗುಪ್ಪ–ಮೈಸೂರು ರಾತ್ರಿ ರೈಲು ಅನುಕೂಲ. ಸಾಗರ ಜಂಬಗಾರು ನಿಲ್ದಾಣದಲ್ಲಿ ರಾತ್ರಿ ಹತ್ತಿ ಮಲಗಿದರೆ ಬೆಳಗಿನ ಜಾವ ಬೆಂಗಳೂರು. ಅಂಗಡಿಗಳು ಹತ್ತೂವರೆಯ ಹೊತ್ತಿಗೆ ಬಾಗಿಲು ತೆರೆಯುವುದರಿಂದ ನಡುವೆ ಹಲವು ಗಂಟೆ ಕಳೆಯಬೇಕು; ನಿಲ್ದಾಣದ ವಿಶ್ರಾಂತಿ ಕೊಠಡಿಯಲ್ಲಿ ಸ್ನಾನ, ಹೊರಗೆ ತಿಂಡಿ ಮುಗಿಸಿದರೆ ಹೊತ್ತು ಸರಿಯುತ್ತದೆ. ಭಾನುವಾರ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿಯಾದ ಎಸ್.ಪಿ. ರಸ್ತೆಯ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ಆದ್ದರಿಂದ ಶನಿವಾರ ರಾತ್ರಿ ಹೊರಡಬೇಡಿ. ದೀಪಾವಳಿಗೆ ಮೊದಲಿನ ವಾರವೂ ಬೇಡ. ಆಗ ನಿಮ್ಮ ಜೊತೆ ಎರಡು ಗಂಟೆ ಕೂರುವ ತಾಳ್ಮೆ ಯಾವ ಅಂಗಡಿಯವರಿಗೂ ಇರುವುದಿಲ್ಲ.

ನಾನು ಮೊದಲು ಹೋದದ್ದು ಶೋರೂಮುಗಳಿಗೆ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗದ ಮೆಟ್ರೋ ಹಿಡಿದರೆ ಇಂದಿರಾನಗರ ಹತ್ತಿರ. ಎರಡು ಕಡೆ ವಾರದ ಮೊದಲೇ ಫೋನ್ ಮಾಡಿ ಸಮಯ ಕೇಳಿಕೊಂಡಿದ್ದೆ, 4 ಓಮ್‌ನ ಸ್ಪೀಕರ್‌ಗಳನ್ನೇ ಜೋಡಿಸಿಡಲು ಹೇಳಿದ್ದೆ. ಮೊದಲನೆಯ ಕಡೆ ಎರಡು ಆಂಪ್‌ಗಳನ್ನು ಒಂದರ ನಂತರ ಒಂದು ಕೇಳಿಸಿದರು. ಎರಡನೆಯದು ಹೆಚ್ಚು ತುಂಬಿದಂತೆ, ಹೆಚ್ಚು ಬಿಚ್ಚಿದಂತೆ ಕೇಳಿತು. ಬೆಲೆಯೂ ಒಂದೂವರೆ ಪಟ್ಟು. "ವ್ಯತ್ಯಾಸ ಗೊತ್ತಾಯ್ತಲ್ಲ ಸಾರ್?" ಎಂದು ಅವರು ಕೇಳಿದಾಗ ಗೊತ್ತಾಯಿತು ಎಂದೇ ಹೇಳಿದೆ. ಆಮೇಲೆ ಅನುಮತಿ ಪಡೆದು 100 ಹರ್ಟ್ಸ್ ನಾದ ಹಾಕಿ, ಸ್ಪೀಕರ್‌ನ ತಿರುಪಿಗೆ ಮಲ್ಟಿಮೀಟರ್‌ನ ಕಡ್ಡಿ ಇಟ್ಟೆ. ಮೊದಲ ಆಂಪ್‌ಗೆ 2 ವೋಲ್ಟ್, ಎರಡನೆಯದಕ್ಕೆ 2.5. ಅಂದರೆ ಎರಡನೆಯದು ಸುಮಾರು 2 ಡೆಸಿಬೆಲ್ ಜೋರಾಗಿ ನುಡಿಯುತ್ತಿತ್ತು, ಅಷ್ಟೇ. ಇದರಲ್ಲಿ ಮೋಸವೇನೂ ಇರಲಿಕ್ಕಿಲ್ಲ. ಆಂಪ್‌ಗಳ ಗೇನ್ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಒಂದು 26, ಇನ್ನೊಂದು 28 ಡೆಸಿಬೆಲ್ ಎಂದು ಬೇರೆ ಬೇರೆ ಇರುವುದು ಸಾಮಾನ್ಯ. ಆದರೆ ಕಿವಿ ಈ ಸಣ್ಣ ಅಂತರವನ್ನು 'ಜೋರು' ಎಂದು ಗುರುತಿಸುವುದಿಲ್ಲ, 'ಚೆನ್ನಾಗಿದೆ' ಎಂದು ಗುರುತಿಸುತ್ತದೆ. ವಾಲ್ಯೂಮ್ ಇಳಿಸಿ ಎರಡನ್ನೂ 2 ವೋಲ್ಟಿಗೆ ತಂದು, ಯಾವುದು ಯಾವುದೆಂದು ತಿಳಿಯದಂತೆ ಬದಲಿಸಲು ಹೇಳಿ ಕಣ್ಣು ಮುಚ್ಚಿ ಕೂತೆ. ಹಾಡಿನಲ್ಲಿ ನನಗೆ ಯಾವ ವ್ಯತ್ಯಾಸವೂ ಹತ್ತಲಿಲ್ಲ. ಅಂಗಡಿಯವರ ಮುಖ ಸ್ವಲ್ಪ ಸಣ್ಣದಾಯಿತು, ಆದರೆ ಕಾಫಿ ತರಿಸಿದರು.

ಎರಡನೆಯ ಶೋರೂಮಿನಲ್ಲಿ ಕೇಳುವುದಕ್ಕಿಂತ ನೋಡುವುದಕ್ಕೆ ಹೆಚ್ಚು ಹೊತ್ತು ಕೊಟ್ಟೆ. ಅಲ್ಲಿದ್ದ ಹಳೆಯ ಕ್ರಮದ ಕ್ಲಾಸ್ ಎಬಿ ಆಂಪ್‌ನ ಮುಚ್ಚಳ ತೆಗೆದು ತೋರಿಸಿದರು: ಮುಂದೆ ರಾಗಿಮುದ್ದೆಯ ತಟ್ಟೆಯಷ್ಟು ಅಗಲದ ಟೊರಾಯ್ಡ್ (ಬಳೆಯಾಕಾರದ ಟ್ರಾನ್ಸ್‌ಫಾರ್ಮರ್), ಎರಡು ಬದಿಗೆ ಹೀಟ್‌ಸಿಂಕಿನ ರೆಕ್ಕೆಗಳು, ತೂಕ 24 ಕೆ.ಜಿ. ಪಕ್ಕದಲ್ಲಿ ಹೈಪೆಕ್ಸ್ ಕಂಪನಿಯ ಮಾಡ್ಯೂಲ್‌ಗಳ, ಸ್ವಿಚ್ಚಿನಂತೆ ವೇಗವಾಗಿ ಹಾಕಿ ಆರಿಸಿ ಕೆಲಸ ಮಾಡುವ ಕ್ಲಾಸ್ ಡಿ ಆಂಪ್, ತೂಕ 8 ಕೆ.ಜಿ. ಎರಡೂ 8 ಓಮಿಗೆ ಬರೆದದ್ದಕ್ಕಿಂತ ಹೆಚ್ಚಿನ ಅಂಕಿಯನ್ನು 4 ಓಮಿಗೆ ಕೊಡುತ್ತವೆ, ನನಗೆ ಬೇಕಾಗಿದ್ದುದು ಅದೇ. ರಿಸೀವರ್ ಆರಿಸಿದ ದೃಶ್ಯವನ್ನು ನನ್ನ ಮಟ್ಟಕ್ಕಿಂತ ಜೋರಾಗಿ ಮೂರು ಸಲ ಹಾಕಿದೆವು, ಎರಡೂ ಅಲುಗಲಿಲ್ಲ. ಹಾಡು ನಿಲ್ಲಿಸಿ ಟ್ವೀಟರ್‌ಗೆ (ಸ್ಪೀಕರ್‌ನ ಕೀಚು ಸದ್ದಿನ ಭಾಗಕ್ಕೆ) ಕಿವಿ ಇಟ್ಟು 'ಸ್' ಸದ್ದು ಎಷ್ಟಿದೆ ಎಂದು ಕೇಳಿ, ಮುಚ್ಚಳಕ್ಕೆ ಕಿವಿ ಇಟ್ಟು ಟ್ರಾನ್ಸ್‌ಫಾರ್ಮರ್ ಗುಂಯ್ಗುಡುತ್ತದೆಯೇ ಎಂದೂ ಕೇಳಿ. ರಾತ್ರಿ ಜೀರುಂಡೆ ಬಿಟ್ಟರೆ ಬೇರೆ ಸದ್ದಿಲ್ಲದ ನಮ್ಮ ಮನೆಗಳಲ್ಲಿ ಇದು ಅಂಗಡಿಯಲ್ಲಿ ಕೇಳಿದ್ದಕ್ಕಿಂತ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

ಮನಸ್ಸು ಟೊರಾಯ್ಡ್ ಕಡೆಗೇ ಎಳೆಯುತ್ತಿತ್ತು ಎಂದು ಒಪ್ಪಿಕೊಳ್ಳುತ್ತೇನೆ. 190 ವೋಲ್ಟಿನ ನಷ್ಟ ಡೆಸಿಬೆಲ್ಲಿನಲ್ಲಿ 1.7 ಮಾತ್ರ, ಅದು ನಿರ್ಧಾರ ಬದಲಿಸುವಷ್ಟು ದೊಡ್ಡದಲ್ಲ. ಬದಲಿಸಿದ್ದು ರಿಪೇರಿಯ ಯೋಚನೆ. ಕೆಟ್ಟರೆ ಅದನ್ನು ಮತ್ತೆ ಬೆಂಗಳೂರಿಗೇ ತರಬೇಕು. ಮಹಡಿ ಮೆಟ್ಟಿಲಿನಿಂದ 24 ಕೆ.ಜಿ. ಇಳಿಸಿ ರೈಲಿಗೆ ಹತ್ತಿಸುವ ವಯಸ್ಸು ನನ್ನದಲ್ಲ. ಹಾಗಾಗಿ ಕ್ಲಾಸ್ ಡಿ ಆಂಪ್ ಕೊಂಡೆ. ಅದರ ಹಿಂಬದಿಯ ಪಟ್ಟಿಯಲ್ಲಿ '100–240 ವೋಲ್ಟ್' ಎಂದು ಸ್ಪಷ್ಟವಾಗಿ ಬರೆದಿತ್ತು, ಅಂದರೆ 190 ವೋಲ್ಟಿಗೂ ನಡೆಯುತ್ತದೆ. ಈ ಜಾತಿಯ ಎಲ್ಲ ಆಂಪ್‌ಗಳಿಗೂ ಈ ಗುಣ ಇರುವುದಿಲ್ಲ, ಕೆಲವಕ್ಕೆ 115 ಅಥವಾ 230 ಎಂದು ಸ್ವಿಚ್ ಬದಲಿಸಬೇಕು, ಅಮೆರಿಕದಿಂದ ಯಾರೋ ತಂದು ಮಾರುವ ಕೆಲವು 115ಕ್ಕೆ ಮಾತ್ರ. ಪಟ್ಟಿಯನ್ನು ನೀವೇ ಓದಿ, ಅಂಗಡಿಯವರ ಬಾಯಿಮಾತಿಗೆ ಬಿಡಬೇಡಿ. ಜಿಎಸ್‌ಟಿ ಬಿಲ್ಲಿನ ಮೇಲೆ ಆಂಪ್‌ನ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ವಾರಂಟಿ ತಯಾರಕರದ್ದೋ ಅಂಗಡಿಯದ್ದೋ ಎಂದು ಬರಹದಲ್ಲಿ ಪಡೆಯಿರಿ.

ಮಧ್ಯಾಹ್ನ ಆಂಪ್ ಅನ್ನು ಅಲ್ಲಿಯೇ ಇರಿಸಿ ಎಸ್.ಪಿ. ರಸ್ತೆಗೆ ಹೋದೆ. ಹಸಿರು ಮಾರ್ಗದ ಚಿಕ್ಕಪೇಟೆ ಅಥವಾ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. ಸದರ್ ಪತ್ರಪ್ಪನವರ ಹೆಸರಿನ ಈ ರಸ್ತೆಯಲ್ಲಿ ಟಿಡಿಎ7294 ಎಂಬ ಆಂಪ್ ಐಸಿಯ ಬೋರ್ಡುಗಳು, ತಗಡಿನ ಡಬ್ಬದಲ್ಲಿ ಅಲ್ಲೇ ಜೋಡಿಸಿಕೊಡುವ 'ಸಾವಿರ ವ್ಯಾಟಿನ' ಆಂಪ್‌ಗಳು ಕೈಬೀಸಿ ಕರೆಯುತ್ತವೆ. ಪಿಎಂಪಿಒ (ಕ್ಷಣಮಾತ್ರದ ಶಿಖರವೆಂದು ಊದಿ ಹೇಳುವ ವ್ಯಾಟ್) ಎಂಬ ಮೂರು ಕಾಸಿನ ಅಂಕಿಗೆ ಮರುಳಾಗಬೇಡಿ. ಎಷ್ಟು ಓಮಿಗೆ, ಎಷ್ಟು ಡಿಸ್ಟಾರ್ಷನ್‌ಗೆ (ಸದ್ದಿನ ವಿಕೃತಿಗೆ), ಎಷ್ಟು ಚಾನೆಲ್ ಒಟ್ಟಿಗೆ ಎಂದು ಹೇಳದ ವ್ಯಾಟ್ ವ್ಯಾಟೇ ಅಲ್ಲ. ಕಲಿಯುವ ಹುಡುಗರಿಗೆ ಆ ಬೋರ್ಡುಗಳು ಒಳ್ಳೆಯ ಪಾಠ, ಅದು ಬೇರೆ ಮಾತು. ಈ ರಸ್ತೆಗೆ ಹೋಗಬೇಕಾದದ್ದು ತಂತಿ ಮತ್ತು ಪಿನ್ನುಗಳಿಗೆ. 2.5 ಚದರ ಮಿ.ಮೀ. ತಾಮ್ರದ ತಂತಿ, ಬನಾನಾ ಪ್ಲಗ್, ಮೂರು ಆರ್‌ಸಿಎ ಕೇಬಲ್, ರಿಸೀವರ್ ಹಾಕಿದೊಡನೆ ಆಂಪ್ ಕೂಡ ಎಚ್ಚರಗೊಳ್ಳಲು 12 ವೋಲ್ಟ್ ಟ್ರಿಗರ್ ತಂತಿ, ಇಷ್ಟನ್ನೂ ಒಂದೇ ಗಂಟೆಯಲ್ಲಿ ಕೊಂಡೆ. 10 ಮೀಟರ್ ದೂರಕ್ಕೆ ಈ ತಂತಿಯ ಹೋಗಿಬರುವ ರೋಧ 0.15 ಓಮ್‌ನಷ್ಟು, ಅಡಿಗೆ ನೂರಾರು ರೂಪಾಯಿಯ ಕೇಬಲ್ ಕೊಳ್ಳುವ ಅಗತ್ಯ ಕಾಣಲಿಲ್ಲ.

ಮರಳುವಾಗ ಪೆಟ್ಟಿಗೆಯನ್ನು ಆಟೊದಲ್ಲೇ ತನ್ನಿ, ಮೆಟ್ರೋದಲ್ಲಿ ಸಾಮಾನಿನ ಅಳತೆಗೆ ಮಿತಿ ಇದೆ. ರೈಲಿನ ಸ್ಲೀಪರ್ ದರ್ಜೆಯಲ್ಲಿ 40 ಕೆ.ಜಿ. ತನಕ ಉಚಿತವಾಗಿ ಒಯ್ಯಬಹುದು. ಕೆಳಗಿನ ಬರ್ತ್ ಕಾಯ್ದಿರಿಸಿ, ಪೆಟ್ಟಿಗೆಯನ್ನು ಸೀಟಿನ ಕೆಳಗೆ ನೆಟ್ಟಗೆ ಇಟ್ಟು, ಬೀಗದ ಸರಪಳಿ ಹಾಕಿ. ಒಳಗಿನ ಥರ್ಮಾಕೋಲ್ ಎಸೆಯಬೇಡಿ. ಅದಿಲ್ಲದೆ ರಿಪೇರಿಗೆ ಕಳಿಸುವುದು ಕಷ್ಟ.

ಮನೆಗೆ ಬಂದು ಜೋಡಿಸಿದ ದಿನ ಮೂರೂ ಸ್ಪೀಕರ್‌ಗಳಲ್ಲಿ ಸಣ್ಣಗೆ ಗುಂಯ್ ಎಂಬ ಸದ್ದು. ಆಂಪ್‌ನದ್ದೇ ದೋಷವೆಂದು ಎದೆ ಧಸಕ್ಕೆಂದಿತು. ಡಿಶ್‌ನ ಕೇಬಲ್ ತೆಗೆದೊಡನೆ ಸದ್ದು ನಿಂತಿತು. ಅದರ ಮೂಲಕ ಅರ್ಥಿಂಗ್ ಸುತ್ತು ಹಾಕಿಕೊಂಡು ಬರುತ್ತಿತ್ತು. ಟಿವಿ, ರಿಸೀವರ್, ಆಂಪ್, ಸೆಟ್‌ಟಾಪ್ ಬಾಕ್ಸ್ ನಾಲ್ಕನ್ನೂ ಒಂದೇ ಪಟ್ಟಿಗೆ ತಂದು, ಡಿಶ್‌ನ ಕೇಬಲ್ ಮನೆಯೊಳಗೆ ಬರುವಲ್ಲಿ ಎಲೆಕ್ಟ್ರಿಷಿಯನ್ ಕೈಯಲ್ಲಿ ಅರ್ಥಿಂಗ್ ಸರಿಮಾಡಿಸಿದ ಮೇಲೆ ಮತ್ತೆ ಬಂದಿಲ್ಲ. ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ಥ್ ಪಿನ್ ಕಿತ್ತು ಈ ಸದ್ದು ನಿಲ್ಲಿಸುವ ಉಪಾಯವನ್ನು ಯಾರಾದರೂ ಹೇಳಿದರೆ ಕೇಳಬೇಡಿ, ಅದು ಜೀವಕ್ಕೆ ಅಪಾಯ. ರಿಸೀವರ್‌ನಲ್ಲಿ ಮುಂದಿನ ಮೂರು ಸ್ಪೀಕರ್‌ಗಳನ್ನು 'ಸ್ಮಾಲ್' ಎಂದು ಮಾಡಿ ಕ್ರಾಸ್‌ಓವರ್ 80 ಹರ್ಟ್ಸ್‌ಗೆ ಇಟ್ಟೆ. ಅದರ ಕೆಳಗಿನ ಭಾರವನ್ನೆಲ್ಲ ಸಬ್‌ವೂಫರ್ ಹೊರುತ್ತದೆ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ಶುರುವಾದರೆ ಪ್ಲಗ್ ಮತ್ತು ಡಿಶ್‌ನ ಕೇಬಲ್ ಎರಡನ್ನೂ ಕಿತ್ತಿಡುವುದು ಈಗ ಮನೆಯ ರೂಢಿ. ಮೊನ್ನೆ ರಾತ್ರಿ 192 ವೋಲ್ಟ್ ಇದ್ದಾಗ ಅದೇ ದೃಶ್ಯವನ್ನು ಮತ್ತೆ ಹಾಕಿದೆ. ಆಂಪ್‌ನ ಮುಚ್ಚಳ ಅಂಗೈಗೆ ಉಗುರುಬೆಚ್ಚಗಿತ್ತು, ದೃಶ್ಯ ಕೊನೆಯ ತನಕ ನಡೆಯಿತು.